ಹಳೆಯ ಪೆಟ್ಟಿಗೆಗಳ ಪರವಾಗಿ

ನಮ್ಮ ಕಾಲೇಜಿನ ಶ್ರವಣ-ದರ್ಶನ ಕೊಠಡಿಗೆ ಈ ವರ್ಷ ಹೊಸದೊಂದು ಹೋಂ ಥಿಯೇಟರ್ ರಿಸೀವರು ಬಂದಿರುವ ಸಂಗತಿ ವಾಚಕರೆಲ್ಲರಿಗೂ ತಿಳಿದೇ ಇದೆ. ಅದರ ಹಿಂದೆಯೇ ಇನ್ನೊಂದು ಸಂಗತಿಯೂ ಕಿವಿಗೆ ಬಿದ್ದಿದೆ. ಆ ಕೊಠಡಿಯ ಗೋಡೆಗೆ ಒರಗಿಕೊಂಡು ಎಷ್ಟೋ ವರ್ಷಗಳಿಂದ ನಿಂತಿರುವ ಎರಡು ಮರದ ಸ್ಪೀಕರು ಪೆಟ್ಟಿಗೆಗಳು, ಮುರಿದ ಬೆಂಚುಗಳ ಮತ್ತು ತುಕ್ಕು ಹಿಡಿದ ಬೀರುವಿನ ಜೊತೆಯಲ್ಲಿ, ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿ ಹರಾಜಿಗೆ ಹೋಗಲಿವೆಯಂತೆ. ಪಟ್ಟಿಯನ್ನು ತಯಾರಿಸಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಹೊಸ ರಿಸೀವರಿಗೆ ಹೊಸ ಸ್ಪೀಕರುಗಳೇ ಬೇಕೆಂಬುದು ಇಂದು ಬಹುಮಟ್ಟಿಗೆ ಎಲ್ಲರೂ ನಂಬಿರುವ ಮಾತು. ಆದರೆ ಆ ಮಾತಿನಲ್ಲಿ ನಿಜವಾದ ಭಾಗ ಬಹಳ ಸ್ವಲ್ಪ, ಭಯದ ಭಾಗವೇ ಹೆಚ್ಚು ಎಂದು ನನ್ನ ಅಭಿಪ್ರಾಯ. ಅದನ್ನು ಹರಾಜು ನಡೆದ ಮೇಲೆ ಹೇಳಿ ಪ್ರಯೋಜನವಿಲ್ಲವಾದುದರಿಂದ ಈಗಲೇ ಹೇಳಿಬಿಡುತ್ತೇನೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಓಮು, ವ್ಯಾಟುಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡ ನನಗೂ ಹೋದ ವರ್ಷದವರೆಗೆ ಆ ಗೊಡವೆ ಇರಲಿಲ್ಲ. ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಅದು ನನ್ನ ಕೊರಳಿಗೆ ಬಿತ್ತು.

ನಮ್ಮ ತಂದೆಯವರು ೧೯೮೮ರಲ್ಲಿ, ತಮಗೆ ಬಂದ ಬಾಕಿ ಸಂಬಳವನ್ನೆಲ್ಲ ಸುರಿದು, ಒಂದು ಜೊತೆ ಸ್ಟೀರಿಯೋ ಸ್ಪೀಕರುಗಳನ್ನೂ ಒಂದು ಆಂಪ್ಲಿಫೈಯರನ್ನೂ ಕೊಂಡುತಂದಿದ್ದರು. ತಯಾರಕರ ಹೆಸರನ್ನು ಹೇಳಿದರೆ ಜಾಹೀರಾತಿನಂತೆ ಕಂಡೀತೆಂದು ಬಿಟ್ಟಿದ್ದೇನೆ. ಮನೆಗೆ ಗ್ಯಾಸಿನ ಒಲೆ ತರುವುದನ್ನು ಬಿಟ್ಟು ಹಾಡುವ ಪೆಟ್ಟಿಗೆಗಳನ್ನು ತಂದರೆಂದು ನಮ್ಮ ಅಜ್ಜಿ ಮೂರು ದಿನ ಅವರೊಡನೆ ಮಾತು ಬಿಟ್ಟಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ಆಂಪ್ಲಿಫೈಯರು ಕಣ್ಣು ಮುಚ್ಚಿತ್ತು. ಸ್ಪೀಕರುಗಳು ಮಾತ್ರ ನಡುಮನೆಯಲ್ಲಿ, ಒಂದರ ತಲೆಯ ಮೇಲೆ ಹೂದಾನಿ ಇನ್ನೊಂದರ ತಲೆಯ ಮೇಲೆ ಟೆಲಿಫೋನು ಹೊತ್ತುಕೊಂಡು, ನಿವೃತ್ತರಾದ ಹಿರಿಯರಂತೆ ಸುಮ್ಮನೆ ನಿಂತಿದ್ದವು. ಅವು ಸದ್ದು ಮಾಡಬಲ್ಲವೆಂಬುದನ್ನೇ ನಾನು ಬಹುಕಾಲ ಅರಿತಿರಲಿಲ್ಲ.

ಹೋದ ವರ್ಷ ಅಣ್ಣನಿಗೆ ಕೆಲಸ ಸಿಕ್ಕಿ, ಮನೆಗೆ ದೊಡ್ಡ ಟಿ.ವಿ. ಬಂತು. ಚಿತ್ರವೇನೋ ಕಣ್ಣು ಕೋರೈಸುವಂತಿತ್ತು. ಧ್ವನಿ ಮಾತ್ರ ಬಾವಿಯೊಳಗಿಂದ ಬಂದಂತೆ. ಈಚಿನ ಟಿ.ವಿ.ಗಳು ತಟ್ಟೆಯಂತೆ ತೆಳ್ಳಗಾಗಿರುವುದರಿಂದ ಒಳಗೆ ಒಳ್ಳೆಯ ಸ್ಪೀಕರಿಗೆ ಎಡೆಯೇ ಇಲ್ಲ. ತಂದೆಯವರಿಗೆ ಕಿವಿ ಸ್ವಲ್ಪ ಮಂದ. ಪಾತ್ರಗಳು ಏನು ಮಾತಾಡುತ್ತಿವೆಯೆಂದು ಅವರು ಅಮ್ಮನನ್ನು ಕೇಳುವುದು, ಅಮ್ಮ ಹೇಳುವಷ್ಟರಲ್ಲಿ ಮುಂದಿನ ಮಾತು ಹೋಗಿಬಿಡುವುದು, ಇದು ನಿತ್ಯದ ಕಥೆಯಾಯಿತು. ಆಗ ಒಂದು ರಿಸೀವರನ್ನು ಕೊಳ್ಳುವುದೆಂದು ನಿಶ್ಚಯವಾಗಿ, ಮೂವರೂ ಅಂಗಡಿಗೆ ಹೋದೆವು.

(ಈ ‘ರಿಸೀವರು’ ಎಂಬ ಮಾತೂ ವಿಚಿತ್ರವೇ. ಅಜ್ಜನ ಕಾಲದಲ್ಲಿ ಅದು ಟೆಲಿಫೋನಿನ ಕಿವಿ ಹಿಡಿ. ವಕೀಲರ ಬಾಯಲ್ಲಿ ದಿವಾಳಿಯೆದ್ದವನ ಆಸ್ತಿಯನ್ನು ನೋಡಿಕೊಳ್ಳಲು ಕೋರ್ಟು ನೇಮಿಸುವ ಅಧಿಕಾರಿ. ಈಗ ಅದು ಟಿ.ವಿ.ಯ ಕೆಳಗಡೆ ಕುಳಿತುಕೊಳ್ಳುವ ಕರಿಯ ಪೆಟ್ಟಿಗೆ. ಒಳಗೆ ಐದೋ ಏಳೋ ಆಂಪ್ಲಿಫೈಯರುಗಳು, ಬಂದ ಧ್ವನಿಯನ್ನು ಬಿಡಿಸಿ ಹಂಚಲು ಒಂದು ಚಿಕ್ಕ ಗಣಕಯಂತ್ರ.)

ಅಂಗಡಿಯಲ್ಲಿ ತಂದೆಯವರು ಸಂಕೋಚದಿಂದಲೇ ಕೇಳಿದರು: “ಮನೇಲಿ ಒಂದು ಜೊತೆ ಸ್ಪೀಕರಿದೆ ಕಣಪ್ಪ, ಸ್ವಲ್ಪ ಹಳೇದು. ಅದಕ್ಕೇ ಇದನ್ನ ಹಾಕಿಕೋಬಹುದೇ?” ಅಂಗಡಿಯ ಹುಡುಗನ ಉತ್ತರ ಸಿದ್ಧವಾಗಿಯೇ ಇತ್ತು. “ಅವೆಲ್ಲ ಓಲ್ಡ್ ಮಾಡೆಲ್ ಸಾರ್. ಇದು ಡಿಜಿಟಲ್ಲು. ಹಾಕಿದರೆ ರಿಸೀವರೇ ಸುಟ್ಟುಹೋಗುತ್ತೆ, ವಾರಂಟಿನೂ ಸಿಗಲ್ಲ. ಐದು ಸ್ಪೀಕರಿನ ಸೆಟ್ಟೇ ತಗೊಳ್ಳಿ.” ಅವನು ತೋರಿಸಿದ ಐದು ಸ್ಪೀಕರುಗಳೂ ಒಂದೊಂದು ಚಹದ ಡಬ್ಬಿಯಷ್ಟಿದ್ದವು. ಐದರ ಬೆಲೆ ಕೇಳಿದ ಮೇಲೆ ಅಣ್ಣ ರಿಸೀವರಿಗೆ ಮಾತ್ರ ಹಣ ಕೊಟ್ಟ. ಸ್ಪೀಕರು ಮುಂದಿನ ತಿಂಗಳಿಗಿರಲಿ ಎಂದ. ಮಾರನೆಯ ದಿನ ಬೆಳಿಗ್ಗೆ ತಂದೆಯವರು ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕರೆದರು. ಅವನು ಪೆಟ್ಟಿಗೆಗಳನ್ನು ಬಗ್ಗಿಸಿ ನೋಡಿ, ಒಳಗಿನ ಅಯಸ್ಕಾಂತದ ತೂಕವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಎರಡಕ್ಕೂ ಸೇರಿಸಿ ಮುನ್ನೂರು ರೂಪಾಯಿ ಎಂದ. ತಂದೆಯವರು ಚೌಕಾಸಿ ಸಹ ಮಾಡಲಿಲ್ಲ. ಒಂದು ತರಕಾರಿ ಚೀಲಕ್ಕೂ ಚೌಕಾಸಿ ಮಾಡುವ ಮನುಷ್ಯ ಸುಮ್ಮನೆ ನಿಂತದ್ದನ್ನು ಕಂಡು ನನಗೆ ಏನೋ ಆಯಿತು. “ಒಂದು ವಾರ ಬಿಡಿ ಅಪ್ಪ” ಎಂದೆ.

ಬಸ್ ನಿಲ್ದಾಣದ ಹಿಂದೆ ರೇಡಿಯೋ ರಿಪೇರಿ ಮಾಡುವ ವೃದ್ಧರೊಬ್ಬರಿದ್ದಾರೆ. ಭಾನುವಾರ ಒಂದು ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಅವರ ಬಳಿಗೆ ಹೋಗಿ, ಅಂಗಡಿಯವನು ಹೇಳಿದ್ದನ್ನು ಒಪ್ಪಿಸಿದೆ. ಅವರು ನಕ್ಕರು. “ತಮ್ಮಾ, ಸ್ಪೀಕರಿಗೆ ಡಿಜಿಟಲ್ಲೂ ಗೊತ್ತಿಲ್ಲ, ಗಿಜಿಟಲ್ಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಹಿಂದಕ್ಕೂ ಮುಂದಕ್ಕೂ ಅಲ್ಲಾಡೋದೊಂದೇ.”

ಆ ಮುದುಕರ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಶಂಕು ಹಿಂದುಮುಂದಾಗಿ ಅಲುಗಿ ಗಾಳಿಯನ್ನು ನಡುಗಿಸುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ೧೯೨೫ರಲ್ಲಿ ಪ್ರಕಟಪಡಿಸಿದ ರಚನೆ ಮೂಲದಲ್ಲಿ ಇದೇ. ನೂರು ವರ್ಷಗಳು ಕಳೆದರೂ ಇಂದು ಅಂಗಡಿಯಲ್ಲಿ ಮಾರುವ ಬಹುಪಾಲು ಸ್ಪೀಕರುಗಳ ಒಳಗೆ ಇರುವುದು ಅದೇ ಸುರುಳಿ, ಅದೇ ಶಂಕು. ಡಾಲ್ಬಿಯೋ, ಆಟ್ಮೋಸೋ, ಎಚ್.ಡಿ.ಎಂ.ಐ. ತಂತಿಯೋ, ಆ ವಿದ್ಯೆಯೆಲ್ಲ ರಿಸೀವರಿನ ಒಳಗೇ ಮುಗಿದುಹೋಗುತ್ತದೆ. ಅದರ ಬೆನ್ನಿನ ಕೆಂಪು ಕಪ್ಪು ತಿರುಪುಗಳಿಂದ ಹೊರಗೆ ಬರುವುದು ೧೯೮೮ರಲ್ಲಿ ಬರುತ್ತಿದ್ದಂಥದೇ ಏರಿಳಿಯುವ ವಿದ್ಯುತ್ತು. ಆದಕಾರಣ ಕಾಲ ಬೇರೆ, ಜಾತಿ ಬೇರೆ ಎಂಬ ಆಕ್ಷೇಪಣೆ ಇಲ್ಲಿ ನಿಲ್ಲುವುದಿಲ್ಲ.

ಹಳೆಯ ಸ್ಟೀರಿಯೋಗೂ ಸಿನಿಮಾಕ್ಕೂ ಸಂಬಂಧವೇ ಇಲ್ಲವೆನ್ನುವವರಿಗೆ ಇತಿಹಾಸದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು ಹೇಳಬೇಕಾಗಿದೆ. ಇಂಗ್ಲೆಂಡಿನ ಆಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಸ್ಟೀರಿಯೋ ಧ್ವನಿಯ ಬಗ್ಗೆ ಪೇಟೆಂಟಿಗೆ ಅರ್ಜಿ ಹಾಕಿದ್ದು ೧೯೩೧ರಲ್ಲಿ. ಆತ ತನ್ನ ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದಾಗ, ಪಾತ್ರ ತೆರೆಯ ಒಂದು ಕಡೆ ಇದ್ದರೆ ಮಾತು ಇನ್ನೊಂದು ಕಡೆಯಿಂದ ಬರುತ್ತಿದ್ದುದನ್ನು ಕಂಡು ಬೇಸರಪಟ್ಟು, ಇದನ್ನು ಸರಿಪಡಿಸುವ ದಾರಿ ತನಗೆ ಗೊತ್ತಿದೆ ಎಂದನಂತೆ. ಯುದ್ಧಕಾಲದಲ್ಲಿ, ೧೯೪೨ರಲ್ಲಿ, ರೇಡಾರ್ ಉಪಕರಣವೊಂದರ ಪರೀಕ್ಷೆಯ ವಿಮಾನ ಬಿದ್ದು ಆತ ಸತ್ತಾಗ ಅವನ ವಯಸ್ಸು ಇನ್ನೂ ಮೂವತ್ತೆಂಟು. ಸ್ಟೀರಿಯೋ ಗ್ರಾಮಫೋನು ತಟ್ಟೆಗಳು ಮಾರುಕಟ್ಟೆಗೆ ಬರುವುದಕ್ಕೆ ಅಲ್ಲಿಂದ ಮುಂದೆ ಹದಿನೈದು ವರ್ಷಗಳೇ ಹಿಡಿದವು. ಹೀಗೆ ಸ್ಟೀರಿಯೋ ಎಂಬುದು ಚಿತ್ರಮಂದಿರದ ಕುರ್ಚಿಯಲ್ಲೇ ಹುಟ್ಟಿದ ಯೋಚನೆ. ಅದನ್ನು ಮತ್ತೆ ತೆರೆಯ ಎರಡು ಪಕ್ಕಕ್ಕೆ ಕರೆದುಕೊಂಡು ಹೋದರೆ ತವರಿಗೆ ಕಳುಹಿಸಿದಂತೆಯೇ ಹೊರತು ಅನ್ಯರ ಮನೆಗೆ ನುಗ್ಗಿಸಿದಂತಲ್ಲ.

ಹಾಗೆಂದ ಮಾತ್ರಕ್ಕೆ ಯಾವ ಹಳೆಯ ಪೆಟ್ಟಿಗೆಯನ್ನಾದರೂ ಕಣ್ಣು ಮುಚ್ಚಿ ಸಿಕ್ಕಿಸಬಹುದೆಂದು ನಾನು ಹೇಳುತ್ತಿಲ್ಲ. ನೋಡಬೇಕಾದುದು ಮೊದಲನೆಯದಾಗಿ ಓಮು. ಸ್ಪೀಕರಿನ ಬೆನ್ನಿನ ಚೀಟಿಯ ಮೇಲೆ ೪ ಎಂದೋ ೬ ಎಂದೋ ೮ ಎಂದೋ ಬರೆದಿರುತ್ತದೆ. ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆಯ ಪ್ರಮಾಣ ಅದು. ತಡೆ ಕಡಿಮೆಯಾದಷ್ಟೂ ರಿಸೀವರಿನಿಂದ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ರಿಸೀವರು ಹೆಚ್ಚು ಬಿಸಿಯಾಗುತ್ತದೆ. ರಿಸೀವರಿನ ಬೆನ್ನಿನ ಮೇಲೂ ಇಂತಿಷ್ಟಕ್ಕಿಂತ ಕಡಿಮೆ ಕೂಡದು ಎಂದು ಮುದ್ರಿಸಿರುತ್ತಾರೆ. ಎರಡನ್ನೂ ಹೋಲಿಸಿ ನೋಡಲು ಎಂ.ಎಸ್‌ಸಿ. ಪದವಿ ಬೇಡ. ೮ ಓಮಿನ ಸ್ಪೀಕರು ಹೆಚ್ಚು ಕಡಿಮೆ ಯಾವ ರಿಸೀವರಿಗಾದರೂ ಸಲ್ಲುತ್ತದೆ. ಚೀಟಿ ಹರಿದುಹೋಗಿದ್ದರೆ ಮಲ್ಟಿಮೀಟರಿನಿಂದ ಅಳೆಯಬಹುದು. ೮ ಓಮಿನದು ಮೀಟರಿನಲ್ಲಿ ಸುಮಾರು ೬ ಎಂದೂ, ೪ ಓಮಿನದು ೩ರ ಆಸುಪಾಸು ಎಂದೂ ತೋರಿಸುತ್ತದೆ. ಸಂಖ್ಯೆ ಕಡಿಮೆ ಬಂತೆಂದು ಗಾಬರಿಯಾಗಬಾರದು, ಮೀಟರು ಅಳೆಯುವುದು ಬರಿಯ ತಂತಿಯ ತಡೆಯನ್ನು ಮಾತ್ರ. ತಂದೆಯವರ ಪೆಟ್ಟಿಗೆ ೬.೧ ತೋರಿಸಿತು.

ಇಲ್ಲಿ ಅಂಗಡಿಯ ಹುಡುಗನಿಗೂ ನ್ಯಾಯ ಸಲ್ಲಿಸಬೇಕು. ಹಳೆಯ ಸ್ಪೀಕರುಗಳಲ್ಲಿ ನಿಜವಾಗಿಯೂ ತೊಂದರೆ ಕೊಡುವಂಥವು ಉಂಟು. ಅಮೆರಿಕದ ಅಕೂಸ್ಟಿಕ್ ರಿಸರ್ಚ್ ಕಂಪನಿ ೧೯೫೪ರಲ್ಲಿ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ ಮಂದ್ರಧ್ವನಿ ಬರುವಂತೆ ಮಾಡಿ ಜಗತ್ತನ್ನು ಬೆರಗುಗೊಳಿಸಿತು. ಆದರೆ ಅದರ ಪ್ರಸಿದ್ಧ ಎ.ಆರ್. ೩ಎ ಮಾದರಿ ೪ ಓಮಿನದು. ಅಂಥದನ್ನು ಅಗ್ಗದ ರಿಸೀವರಿಗೆ ಹಾಕಿ ಧ್ವನಿಯನ್ನು ಏರಿಸುತ್ತಾ ಹೋದರೆ ರಿಸೀವರು ಬಿಸಿಯೇರಿ ತನ್ನಷ್ಟಕ್ಕೆ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಕಡೆ, ಬಿ.ಬಿ.ಸಿ.ಯವರು ತಮ್ಮ ಪ್ರಸಾರದ ಕೆಲಸಕ್ಕಾಗಿ ೧೯೭೦ರ ದಶಕದಲ್ಲಿ ರೂಪಿಸಿದ ಎಲ್.ಎಸ್. ೩/೫ಎ ಎಂಬ ಪುಟ್ಟ ಸ್ಪೀಕರು ಮೊದಲಿಗೆ ೧೫ ಓಮಿನದಾಗಿತ್ತು. ಅದರಿಂದ ರಿಸೀವರಿಗೆ ಯಾವ ಭಾರವೂ ಇಲ್ಲ. ಹಳೆಯದೆಂದರೆ ಒಂದೇ ಬಗೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಒಂದೇ ತಿರುಪಿಗೆ ಎರಡು ಸ್ಪೀಕರುಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದರೆ ೮ ಮತ್ತು ೮ ಸೇರಿ ೧೬ ಆಗುವುದಿಲ್ಲ, ೪ ಆಗುತ್ತದೆ. ನಮ್ಮ ಹಾಸ್ಟೆಲಿನ ಮಿತ್ರರು ಗಣೇಶೋತ್ಸವದಲ್ಲಿ ಈ ಲೆಕ್ಕವನ್ನು ತಪ್ಪಿ ಅನುಭವಿಸಿದ್ದಾರೆ.

ಎರಡನೆಯದು ವ್ಯಾಟು. “ರಿಸೀವರು ೧೦೦ ವ್ಯಾಟಿನದು, ಸ್ಪೀಕರು ೪೦ರದು, ಸಿಡಿದುಹೋಗುವುದಿಲ್ಲವೇ?” ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಕೆರೆ ದೊಡ್ಡದೆಂದು ಕೊಡ ಒಡೆಯುವುದುಂಟೇ? ರಿಸೀವರಿನ ಮೇಲಿನ ಸಂಖ್ಯೆ ಅದು ಎಷ್ಟು ಕೊಡಬಲ್ಲದು ಎಂಬುದನ್ನು ಹೇಳುತ್ತದೆ. ಎಷ್ಟು ಕೊಡುತ್ತದೆ ಎಂಬುದು ನಮ್ಮ ಬೆರಳಿನಲ್ಲಿದೆ. ಸಾಧಾರಣ ಸ್ಪೀಕರೊಂದಕ್ಕೆ ಒಂದೇ ಒಂದು ವ್ಯಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ ೯೦ ಡೆಸಿಬೆಲ್ ಸದ್ದು ಬರುತ್ತದೆಯೆಂದಿಟ್ಟುಕೊಳ್ಳಿ. ಮೂರು ಮೀಟರು ದೂರ ಕುಳಿತರೂ ಅದು ಎದುರು ಬದುರು ಮಾತಾಡುವ ಸದ್ದಿಗಿಂತ ಬಹಳ ಜೋರೇ. ಸಂಸಾರಸ್ಥರ ಮನೆಯಲ್ಲಿ ರಿಸೀವರು ಸಂಜೆಯ ಬಹುಭಾಗವನ್ನು ಒಂದೆರಡು ವ್ಯಾಟಿನಲ್ಲೇ ಕಳೆಯುತ್ತದೆ. ವಾಸ್ತವವಾಗಿ ಹೆಚ್ಚು ಸ್ಪೀಕರುಗಳು ಹಾಳಾಗುವುದು ಶಕ್ತಿ ಸಾಲದ ಆಂಪ್ಲಿಫೈಯರನ್ನು ಅದರ ಮಿತಿಯಾಚೆಗೆ ಹಿಂಡಿದಾಗ. ಆಗ ಧ್ವನಿಯ ಅಲೆಗಳ ತಲೆ ಕತ್ತರಿಸಿಹೋಗಿ, ಕರ್ಕಶವಾಗಿ, ತಾರಧ್ವನಿಯ ಪುಟ್ಟ ಸ್ಪೀಕರು ಸುಟ್ಟುಕೊಳ್ಳುತ್ತದೆ. ಕಿವಿ ಮೊದಲೇ ಎಚ್ಚರಿಸುತ್ತದೆ, ಕೇಳುವವರಿದ್ದರೆ.

ವ್ಯಾಟಿಗಿಂತ ಮುಖ್ಯವಾದದ್ದು ಸ್ಪೀಕರಿನ ಚುರುಕು. ಇಂಗ್ಲಿಷಿನಲ್ಲಿ ಸೆನ್ಸಿಟಿವಿಟಿ ಎನ್ನುತ್ತಾರೆ. ಮೂರು ಡೆಸಿಬೆಲ್ ಹೆಚ್ಚಾಗಬೇಕಾದರೆ ವ್ಯಾಟು ಎರಡರಷ್ಟಾಗಬೇಕು, ಹತ್ತು ಹೆಚ್ಚಾಗಬೇಕಾದರೆ ಹತ್ತರಷ್ಟಾಗಬೇಕು. ಮೇಲೆ ಹೇಳಿದ ಬಿ.ಬಿ.ಸಿ.ಯ ಪುಟ್ಟ ಸ್ಪೀಕರಿನ ಚುರುಕು ಸುಮಾರು ೮೩. ಕ್ಲಿಪ್ಷ್ ಎಂಬ ಅಮೆರಿಕನ್ನನು ೧೯೪೬ರಿಂದ ಮಾರತೊಡಗಿದ, ಕೋಣೆಯ ಮೂಲೆಯಲ್ಲಿ ಬೀರುವಿನಂತೆ ನಿಲ್ಲುವ ಕೊಂಬಿನ ಸ್ಪೀಕರಿನದು ೧೦೦ಕ್ಕೂ ಮೇಲೆ. ಇವೆರಡರಿಂದಲೂ ಒಂದೇ ಪ್ರಮಾಣದ ಸದ್ದು ಬರಬೇಕಾದರೆ ಮೊದಲನೆಯದಕ್ಕೆ ಐವತ್ತು ಪಟ್ಟು ಹೆಚ್ಚು ಶಕ್ತಿಯನ್ನಾದರೂ ಸುರಿಯಬೇಕು. ಆಂಪ್ಲಿಫೈಯರುಗಳು ದುರ್ಬಲವಾಗಿದ್ದ ಕಾಲದಲ್ಲಿ ಸ್ಪೀಕರು ಕಟ್ಟುವವರು ಚುರುಕಿಗೆ ಗಮನ ಕೊಡಲೇಬೇಕಾಗಿತ್ತು. ನಮ್ಮ ಮೈಸೂರಿನ ಚೌಡಯ್ಯನವರು, ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು, ಪಿಟೀಲಿಗೆ ಏಳು ತಂತಿ ಕಟ್ಟಿದ್ದೂ ಅದೇ ಬಗೆಯ ಅವಶ್ಯಕತೆಯಿಂದಲ್ಲವೇ? ಸುಲಭವಾದ ವ್ಯಾಟುಗಳು ಬಂದ ಮೇಲೆ ಜನ ಪೆಟ್ಟಿಗೆಯನ್ನು ಕಿರಿದು ಮಾಡಿದರು, ಚುರುಕನ್ನು ಬಿಟ್ಟುಕೊಟ್ಟರು. ಚಹದ ಡಬ್ಬಿಯಂಥ ಸ್ಪೀಕರಿಗೂ ಎಂಟಂಗುಲದ ಶಂಕುವಿರುವ ಹಳೆಯ ಪೆಟ್ಟಿಗೆಗೂ ಗಾಳಿಯನ್ನು ತಳ್ಳುವುದರಲ್ಲಿ ಇರುವ ಅಂತರವನ್ನು ಯಾವ ಗಣಕಯಂತ್ರವೂ ಮುಚ್ಚಲಾರದು.

ಈಗ ಮುಪ್ಪಿನ ವಿಷಯ. ಇಲ್ಲಿ ಹಳೆಯದರ ಪಕ್ಷಪಾತಿಗಳು ಸುಳ್ಳು ಹೇಳಬಾರದು. ಶಂಕುವಿನ ಅಂಚನ್ನು ಚೌಕಟ್ಟಿಗೆ ಕೂಡಿಸುವ ಮೆತ್ತನೆಯ ಉಂಗುರವೊಂದಿರುತ್ತದೆ. ಅದು ಫೋಮಿನದಾದರೆ ಗಾಳಿಯ ತೇವಕ್ಕೆ ಹತ್ತು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ರಬ್ಬರಿನದೋ ಬಟ್ಟೆಯದೋ ಆದರೆ ಬಹಳ ಕಾಲ ಬಾಳುತ್ತದೆ. ತಂದೆಯವರದು ಫೋಮು, ರಿಪೇರಿಯವರು ಜಾಲರಿ ತೆಗೆದು ಬೆರಳು ಮುಟ್ಟಿಸುತ್ತಲೇ ಉದುರಿಹೋಯಿತು. ನನ್ನ ಮುಖ ಬಾಡಿದ್ದನ್ನು ನೋಡಿ ಅವರು, “ಚಪ್ಪಲಿ ಉಂಗುಷ್ಟ ಕಿತ್ತರೆ ಕಾಲು ಕತ್ತರಿಸ್ತೀಯೇನಪ್ಪಾ?” ಎಂದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಳತೆಗೆ ಸರಿಯಾದ ಉಂಗುರಗಳನ್ನು ತರಿಸಿ, ಅಂಟು ಹಾಕಿ, ಎರಡು ದಿನ ಒಣಗಿಸಿ ಕೊಟ್ಟರು. ಎರಡು ಪೆಟ್ಟಿಗೆಗೂ ಸೇರಿ ಒಂಬೈನೂರು ರೂಪಾಯಿ ಆಯಿತು. ಒಳಗೆ ಮಂದ್ರವನ್ನೂ ತಾರವನ್ನೂ ಬೇರ್ಪಡಿಸುವ ಒಂದು ಚಿಕ್ಕ ಹಲಗೆಯಿರುತ್ತದೆ. ಅದರ ಕೆಪಾಸಿಟರುಗಳೂ ದಶಕಗಳಲ್ಲಿ ಒಣಗಿ ತಾರಧ್ವನಿ ಮಂಕಾಗುವುದುಂಟು. ಅದೇ ಮೌಲ್ಯದ ಹೊಸದನ್ನು ಬೆಸುಗೆ ಹಾಕಿದರಾಯಿತು. ಶಂಕುವನ್ನು ನಾಲ್ಕು ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದಾಗ ಒಳಗೆ ಕರಕರ ಎಂದು ಉಜ್ಜಿದರೆ ಮಾತ್ರ ರೋಗ ಸುರುಳಿಗೆ ತಗುಲಿದೆಯೆಂದು ತಿಳಿಯಬೇಕು. ಅಂಥದಕ್ಕೆ ಹೊಸ ಸುರುಳಿಯ ಖರ್ಚು ಬೀಳುತ್ತದೆ. ಸಾಧಾರಣ ಪೆಟ್ಟಿಗೆಯಾದರೆ ಗುಜರಿಯವನನ್ನು ಕರೆಯುವುದೇ ವಿವೇಕ.

ಮನೆಯಲ್ಲಿ ಜೋಡಿಸಿದ್ದು ಒಂದು ಶನಿವಾರ ರಾತ್ರಿ. ತಂತಿಗೆ ಚಿನ್ನದ ಬೆಲೆ ಕೊಡಬೇಕೆಂದು ಹೇಳುವವರಿದ್ದಾರೆ. ಮನೆಗೆ ವಿದ್ಯುತ್ ಎಳೆಯಲು ಉಪಯೋಗಿಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ನಾನು ಹಾಕಿದೆ. ಐದು ಮೀಟರು ದೂರಕ್ಕೆ, ಹೋಗಿ ಬರುವ ಎರಡೆಳೆಯೂ ಸೇರಿ, ಅದರ ತಡೆ ಓಮಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ೮ ಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಬರಬೇಕಾದುದು ಮಾತ್ರ ಮುಖ್ಯ. ಒಂದು ಪೆಟ್ಟಿಗೆಯಲ್ಲಿ ಅದು ಅದಲು ಬದಲಾದರೆ ಒಂದು ಶಂಕು ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು, ಮಂದ್ರವೆಲ್ಲ ಸೋರಿಹೋಗಿ, ಹಾಡುವವನು ಎಲ್ಲಿದ್ದಾನೆಂದೇ ತಿಳಿಯದಂತಾಗುತ್ತದೆ. ಬಣ್ಣ ಅಳಿಸಿಹೋಗಿದ್ದರೆ ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಗೆ ಕ್ಷಣಮಾತ್ರ ಮುಟ್ಟಿಸಿ ನೋಡಬೇಕು. ಶಂಕು ಹೊರಗೆ ಬಂದರೆ ಸೆಲ್ಲಿನ ಧನಧ್ರುವ ಮುಟ್ಟಿದ ಕಡೆಯೇ ಕೆಂಪು. ತಂತಿಯ ಒಂದೆಳೆಯೂ ಪಕ್ಕದ ತಿರುಪಿಗೆ ತಾಗದಂತೆ ಹೊಸೆದು ಕಟ್ಟಬೇಕು. ರಿಸೀವರನ್ನು ಸುಡುವ ನಿಜವಾದ ವೈರಿ ಆ ಕೂದಲೆಳೆಯೇ ಹೊರತು ಸ್ಪೀಕರಿನ ವಯಸ್ಸಲ್ಲ.

ಹಿಂದೆ ಇಂಥ ದೊಡ್ಡ ಅಯಸ್ಕಾಂತದ ಪೆಟ್ಟಿಗೆಗಳನ್ನು ಟಿ.ವಿ.ಯ ಪಕ್ಕದಲ್ಲಿ ಇಡುವಂತಿರಲಿಲ್ಲ. ಗಾಜಿನ ಕೊಳವೆಯ ಟಿ.ವಿ.ಯಲ್ಲಿ ನಾಯಕಿಯ ಮುಖ ಹಸಿರಾಗಿಬಿಡುತ್ತಿತ್ತು. ಈಗಿನ ಚಪ್ಪಟೆ ಟಿ.ವಿ.ಗೆ ಆ ಬಾಧೆಯಿಲ್ಲ. ಹೊಸ ಕಾಲ ಹಳೆಯ ಸ್ಪೀಕರುಗಳಿಗೆ ಮಾಡಿಕೊಟ್ಟ ಉಪಕಾರವೆಂದರೆ ಇದೇ. ಆದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ರಿಸೀವರಿನ ಜೊತೆಗೆ ಬರುವ ಪುಟ್ಟ ಮೈಕನ್ನು ನಾವು ಕುಳಿತುಕೊಳ್ಳುವ ಜಾಗದಲ್ಲಿ ಕಿವಿಯೆತ್ತರಕ್ಕೆ ಇಟ್ಟರೆ, ಅದು ವಿಚಿತ್ರ ಸದ್ದುಗಳನ್ನು ಮಾಡಿಸಿ, ಕೇಳಿ, ಯಾವ ಸ್ಪೀಕರು ಎಷ್ಟು ದೂರ, ಯಾವುದು ಎಷ್ಟು ಚುರುಕು ಎಂದು ಅಳೆದುಕೊಂಡು ಸರಿಹೊಂದಿಸುತ್ತದೆ. ಆಡಿಸಿ, ವೈಪಾವೋ, ಡಿರಾಕ್ ಎಂದು ಒಬ್ಬೊಬ್ಬರದು ಒಂದೊಂದು ಹೆಸರು. (ನಮ್ಮ ಬೆಕ್ಕು ಆ ರಾತ್ರಿ ಮನೆಗೆ ಬರಲಿಲ್ಲ.) ಹಳೆಯ ಜೋಡಿಗೆ ಹೊಸದೊಂದು ಸ್ಪೀಕರನ್ನು ಸೇರಿಸಿದಾಗ ಒಂದು ಕೂಗಿ ಇನ್ನೊಂದು ಪಿಸುಗುಡದಂತೆ ಮಾಡುವುದು ಇದರಿಂದ ಸಾಧ್ಯವಾಗಿದೆ. ಮಂದ್ರಕ್ಕೆಂದೇ ಬೇರೆ ಪೆಟ್ಟಿಗೆ ಇದ್ದರೆ ೮೦ ಹರ್ಟ್ಸಿನ ಕೆಳಗಿನದನ್ನೆಲ್ಲ ಅದಕ್ಕೆ ವಹಿಸಿ ಮುದಿ ಶಂಕುಗಳ ಬೆನ್ನಿನ ಹೊರೆ ಇಳಿಸಬಹುದು. ನಮ್ಮ ಮನೆಯಲ್ಲಿ ಅದಿಲ್ಲ. ಇಲ್ಲವೆಂದು ರಿಸೀವರಿಗೆ ತಿಳಿಸಿದ್ದೇವೆ, ಅಷ್ಟೆ.

ಮಧ್ಯದ ಸ್ಪೀಕರಿಲ್ಲದೆ ಸಂಭಾಷಣೆ ಹೇಗೆ ಕೇಳಬೇಕೆಂದು ಅಣ್ಣ ಜಗಳ ತೆಗೆದ. ಮಧ್ಯದ್ದು ‘ಇಲ್ಲ’ ಎಂದು ರಿಸೀವರಿನಲ್ಲಿ ನಮೂದಿಸಿದರೆ ಅದು ಮಾತನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಂಚುತ್ತದೆ. ನಡುವೆ ಕುಳಿತವನಿಗೆ ಮಾತು ಏನೂ ಇಲ್ಲದ ನಡುವಿನಿಂದಲೇ ಬರುತ್ತದೆ. ತಂದೆಯವರು ಆ ರಾತ್ರಿ ಮೊದಲು ಹಾಕಿಸಿದ್ದು ಸಿನಿಮಾವನ್ನಲ್ಲ, ಚೌಡಯ್ಯನವರ ಒಂದು ಹಳೆಯ ಮುದ್ರಣವನ್ನು. ಅದು ಸ್ಟೀರಿಯೋ ಕಾಲಕ್ಕೆ ಮುಂಚಿನದು, ಎರಡು ಪೆಟ್ಟಿಗೆಗೂ ಒಂದೇ ಧ್ವನಿ. ಪಿಟೀಲು ನೇರವಾಗಿ ಟಿ.ವಿ.ಯ ನಡುಮಧ್ಯದಲ್ಲಿ ಎದ್ದು ನಿಂತಿತು. ಅಮ್ಮ ಎದ್ದು ಹೋಗಿ ಟಿ.ವಿ.ಯ ಹಿಂದೆ ಬಗ್ಗಿ ನೋಡಿ ಬಂದರು. ತಂದೆಯವರು ಮಾತ್ರ ಕಣ್ಣು ಮುಚ್ಚಿ ಕುಳಿತಿದ್ದರು. ಇಪ್ಪತ್ತು ವರ್ಷಗಳಿಂದ ಅವರು ಆ ಪೆಟ್ಟಿಗೆಗಳಲ್ಲಿ ಸಂಗೀತ ಕೇಳಿರಲಿಲ್ಲ.

ಆದರೆ ಅಣ್ಣನ ಆಕ್ಷೇಪಣೆ ಪೂರ್ತಿ ತಪ್ಪಲ್ಲ. ಪಕ್ಕದಲ್ಲಿ ಕುಳಿತವನಿಗೆ ಹತ್ತಿರದ ಪೆಟ್ಟಿಗೆಯ ಸದ್ದು ಮೊದಲು ಮುಟ್ಟುವುದರಿಂದ ಮಾತೆಲ್ಲ ಅವನ ಕಡೆಗೇ ವಾಲುತ್ತದೆ. ಮೂವರು ನಾಲ್ವರ ಮನೆಯಲ್ಲಿ ಅದು ಸಹ್ಯ, ಅರವತ್ತು ಜನರ ಕೊಠಡಿಯಲ್ಲಿ ಅಲ್ಲ. ಇದನ್ನು ಹಿಂದಿನವರೂ ಅರಿತಿದ್ದರು. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದಾಗ ಉಪಯೋಗಿಸಿದ್ದು ಎರಡಲ್ಲ, ಮೂರು ಧ್ವನಿಮಾರ್ಗಗಳನ್ನು. ಕ್ಲಿಪ್ಷನು ೧೯೫೭ರಲ್ಲಿ ‘ಹೆರೆಸಿ’ ಎಂಬ ಸ್ಪೀಕರನ್ನು ಮಾಡಿದ್ದೂ ತನ್ನ ಮೂಲೆಯ ಜೋಡಿಯ ನಡುವೆ ಇಡುವುದಕ್ಕಾಗಿಯೇ.

ಆದುದರಿಂದ ನಮ್ಮ ಕೊಠಡಿಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಐದು ಹೊಸ ಸ್ಪೀಕರುಗಳನ್ನು ಕೊಳ್ಳುವ ಬದಲು ಮಧ್ಯಕ್ಕೆ ಒಂದನ್ನು, ಒಳ್ಳೆಯದನ್ನೇ, ಕೊಳ್ಳೋಣ. ಎಡಬಲಗಳಿಗೆ ಹಳೆಯವೇ ಇರಲಿ. ಮೂರರ ಕಂಠವೂ ಒಂದೇ ಆಗಿರುವುದಿಲ್ಲ, ಒಪ್ಪುತ್ತೇನೆ. ವಿಮಾನವೊಂದು ತೆರೆಯ ಆ ತುದಿಯಿಂದ ಈ ತುದಿಗೆ ಹಾರುವಾಗ ನಡುವೆ ಅದರ ಸದ್ದಿನ ಬಣ್ಣ ಸ್ವಲ್ಪ ಬದಲಾದೀತು. ನಮ್ಮ ಕೊಠಡಿಯಲ್ಲಿ ತೋರಿಸುವ ಸಾಕ್ಷ್ಯಚಿತ್ರಗಳಲ್ಲಿ ವಿಮಾನ ಹಾರುವುದು ಅಪರೂಪ. ಹಿಂಬದಿಯ ಎರಡು ಸ್ಪೀಕರುಗಳ ಮಾತನ್ನು ಇತಿಹಾಸ ವಿಭಾಗದ ಛಾವಣಿ ಸೋರುವುದು ನಿಂತ ಮೇಲೆ ಯೋಚಿಸಬಹುದು. ಉಳಿಯುವ ಹಣದಲ್ಲಿ ಗ್ರಂಥಾಲಯಕ್ಕೆ ಏನೇನು ಬರಬಹುದೆಂದು ಅಧ್ಯಾಪಕರಿಗೆ ನಾನು ಹೇಳಬೇಕಾಗಿಲ್ಲ.

ಆ ಎರಡು ಪೆಟ್ಟಿಗೆಗಳನ್ನು ನಾನು ಹೋದ ವಾರ, ಕೊಠಡಿ ತೆರೆದಿದ್ದಾಗ, ನೋಡಿ ಬಂದಿದ್ದೇನೆ. ಬೆನ್ನಿನ ಚೀಟಿ ೮ ಓಮ್ ಎನ್ನುತ್ತದೆ. ಅಂಚು ರಬ್ಬರಿನದು; ಧೂಳು ಕೂತಿದೆ, ಬಿರುಕು ಬಿಟ್ಟಿಲ್ಲ. ಒಂದರ ಜಾಲರಿಯ ಮೇಲೆ ಯಾರೋ ತಮ್ಮ ಹೆಸರನ್ನೂ ಇನ್ನೊಬ್ಬರ ಹೆಸರನ್ನೂ ಪೆನ್ನಿನಲ್ಲಿ ಬರೆದು ನಡುವೆ ಬಾಣ ಎಳೆದಿದ್ದಾರೆ, ಅದರಿಂದ ಧ್ವನಿಗೆ ಬಾಧಕವಿಲ್ಲ. ಹರಾಜಿನ ತಾರೀಖು ಇನ್ನೂ ಸೂಚನಾ ಫಲಕಕ್ಕೆ ಬಂದಿಲ್ಲ. ಅಷ್ಟರೊಳಗೆ ಪ್ರಾಂಶುಪಾಲರು ಒಂದು ಶನಿವಾರ ಮಧ್ಯಾಹ್ನ ಕೊಠಡಿಯ ಬೀಗದಕೈಯನ್ನು ಕೊಡಿಸಿದರೆ, ಸೆಲ್ಲು, ಮೀಟರು ಮತ್ತು ಇಪ್ಪತ್ತು ಮೀಟರು ತಂತಿಯನ್ನು ನಾನೇ ತರುತ್ತೇನೆ. ಬಸ್ ನಿಲ್ದಾಣದ ಹಿಂದಿನ ಹಿರಿಯರೂ ಬರಲು ಒಪ್ಪಿದ್ದಾರೆ. ಅವರ ಕಾಫಿಯ ಖರ್ಚನ್ನು ಮಾತ್ರ ಕಾಲೇಜು ವಹಿಸಿಕೊಳ್ಳಬೇಕು.